ನೆರಳಿನ ಮೂಲೆಯಲ್ಲಿ ಏಲಕ್ಕಿ: ಕಂದು ತರುವುದರಿಂದ ಕಾಯಿ ಒಣಗಿಸುವವರೆಗೆ

ಕೊಡಗಿನ ಹೆಚ್ಚಿನ ಕಾಫಿ ತೋಟಗಳಲ್ಲಿ ಒಂದು ಮೂಲೆ ಇರುತ್ತದೆ. ತೋಡಿನ ಪಕ್ಕದ ತಗ್ಗು. ಮೇಲೆ ಒತ್ತಾಗಿ ಮರ, ಕೆಳಗೆ ಪಾದ ಮುಳುಗುವಷ್ಟು ದರಗು (ಉದುರಿದ ಒಣ ಎಲೆ), ಮಾರ್ಚಿನಲ್ಲೂ ತಂಪಾದ ಮಣ್ಣು. ಅಲ್ಲಿ ಕಾಫಿ ನೆಟ್ಟರೆ ಗಿಡ ಉದ್ದಕ್ಕೆ ಹೋಗುತ್ತದೆ, ಕಾಯಿ ಮಾತ್ರ ನಾಲ್ಕೇ ನಾಲ್ಕು. ಕೊನೆಗೆ ಆ ಜಾಗವನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಏಲಕ್ಕಿಗೆ ಬೇಕಿರುವುದು ಅಂಥದ್ದೇ ಜಾಗ.

ಹತ್ತಾರು ಎಕರೆಯಲ್ಲಿ ಏಲಕ್ಕಿ ಮಾಡುವವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ. ಮನೆ ಹಿಂದೆ, ಬಾಣೆಯಲ್ಲಿ (ಗದ್ದೆಗೆ ಸೇರಿದ ಗುಡ್ಡದ ಜಾಗ), ತೋಟದ ತಗ್ಗಿನಲ್ಲಿ ಐವತ್ತೋ ನೂರೋ ಬುಡ ಇಟ್ಟು ನೋಡೋಣ ಅನ್ನುವವರಿಗಾಗಿ ಬರೆಯುತ್ತಿದ್ದೇನೆ. ಗೊಬ್ಬರ ತಡವಾದರೆ ಮುಂದಿನ ತಿಂಗಳು ಹಾಕಬಹುದು. ಒಂದು ಬೇಸಿಗೆಯಲ್ಲಿ ನೀರು ಕಡಿಮೆಯಾದರೂ ಮಳೆಗೆ ಗಿಡ ಚೇತರಿಸಿಕೊಳ್ಳುತ್ತದೆ. ಆದರೆ ನೆರಳು ಸರಿಯಿಲ್ಲದ ಕಡೆ ನೆಟ್ಟರೆ, ಅಥವಾ ರೋಗ ಇರುವ ಕಂದು (ಬುಡದಿಂದ ಬೇರ್ಪಡಿಸಿದ ಮರಿಗಿಡ) ತಂದು ನೆಟ್ಟರೆ, ಆಮೇಲೆ ಏನು ಮಾಡಿದರೂ ದಂಡ. ಹಾಗಾಗಿ ಆ ಎರಡು ವಿಷಯವನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಜಾಗ ನೋಡುವುದು

ಏಲಕ್ಕಿ ಪಶ್ಚಿಮ ಘಟ್ಟದ ಕಾಡಿನದ್ದೇ ಗಿಡ. ಶುಂಠಿ, ಅರಿಶಿನದ ಕುಟುಂಬ. ದೊಡ್ಡ ಮರಗಳ ಕೆಳಗೆ, ಎಲೆ ಕೊಳೆತು ಆದ ಕಪ್ಪು ಮಣ್ಣಿನಲ್ಲಿ ಬೆಳೆಯುವ ಅಭ್ಯಾಸ ಅದಕ್ಕೆ. ಸಮುದ್ರಮಟ್ಟದಿಂದ 600ರಿಂದ 1200 ಮೀಟರ್ ಎತ್ತರ, ವರ್ಷಕ್ಕೆ 1500ರಿಂದ 4000 ಮಿಲಿಮೀಟರ್ ಮಳೆ, 10ರಿಂದ 35 ಡಿಗ್ರಿ ಉಷ್ಣತೆ ಇದ್ದರೆ ಸಾಕು. ಮಡಿಕೇರಿ, ಗಾಳಿಬೀಡು, ಭಾಗಮಂಡಲ, ಕಕ್ಕಬ್ಬೆ, ಸೋಮವಾರಪೇಟೆಯ ಶಾಂತಳ್ಳಿ ಕಡೆಯವರಿಗೆ ಈ ಲೆಕ್ಕ ಹೇಳಬೇಕಾಗಿಯೇ ಇಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿ ನೀರಿನ ವ್ಯವಸ್ಥೆ ಗಟ್ಟಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ನಮ್ಮ ಜಿಲ್ಲೆಯಲ್ಲಿ ಮಳೆಯ ಪ್ರಮಾಣ ತೊಂದರೆ ಕೊಡುವುದಿಲ್ಲ. ಅದು ಹಂಚಿಕೆಯಾಗುವ ರೀತಿ ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದೇ ಸುರಿದದ್ದು. ಡಿಸೆಂಬರ್ ಕಳೆದ ಮೇಲೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವವರೆಗೆ ಆಕಾಶ ನೋಡಿಕೊಂಡು ಕೂರಬೇಕು. ಏಲಕ್ಕಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಆಳಕ್ಕೆ ಹೋಗಿ ನೀರು ಹುಡುಕುವ ಜಾತಿ ಅಲ್ಲ. ಆದ್ದರಿಂದ ಉತ್ತರಕ್ಕೋ ಈಶಾನ್ಯಕ್ಕೋ ಮುಖ ಮಾಡಿದ ಇಳಿಜಾರು ಒಳ್ಳೆಯದು. ಸಂಜೆಯ ಬಿಸಿಲು ನೇರ ಹೊಡೆಯುವ ಪಶ್ಚಿಮದ ಬರೆ (ಗುಡ್ಡದ ಇಳಿಜಾರು) ಬೇಡ.

ತಂಪಿರಬೇಕು ಅಂದರೆ ನೀರು ನಿಲ್ಲಬೇಕು ಅಂತ ಅರ್ಥ ಮಾಡಿಕೊಳ್ಳಬೇಡಿ. ಜುಲೈ ತಿಂಗಳಲ್ಲಿ ಕೊಡೆ ಹಿಡಿದುಕೊಂಡು ಹೋಗಿ ಆ ಜಾಗ ಒಮ್ಮೆ ನೋಡಿ ಬನ್ನಿ. ಮಳೆ ಬಿಟ್ಟು ಗಂಟೆಯಾದರೂ ಹೆಜ್ಜೆ ಗುರುತಿನಲ್ಲಿ ನೀರು ನಿಂತಿದ್ದರೆ ಮೊದಲು ಚರಂಡಿ, ಆಮೇಲೆ ಏಲಕ್ಕಿ. ನೀರು ನಿಂತ ಕಡೆ ಗಡ್ಡೆ ಕೊಳೆಯುವುದು ಖಂಡಿತ. ಮಣ್ಣಿನ ಹುಳಿ ಅಂದರೆ ಪಿಎಚ್ 5ರಿಂದ 6.5ರೊಳಗೆ ಇರಲಿ. ಕಾಫಿಗೆ ಹೇಗೂ ಮಣ್ಣು ಪರೀಕ್ಷೆ ಮಾಡಿಸುತ್ತೀರಿ, ಅದರ ಜೊತೆಗೇ ಈ ಮೂಲೆಯ ಮಣ್ಣನ್ನೂ ಕಳಿಸಿ. 5ಕ್ಕಿಂತ ಕೆಳಗೆ ಇದ್ದರೆ ಸುಣ್ಣ ಬೇಕಾಗುತ್ತದೆ.

ನೆರಳು ಎಷ್ಟು ಬೇಕು?

ಕೊಡಗಿನಲ್ಲಿ ಹಿಂದೆ ಏಲಕ್ಕಿಯನ್ನು ನೆಟ್ಟು ಬೆಳೆಸುತ್ತಿರಲಿಲ್ಲ. ಏಲಕ್ಕಿ ಮಲೆ ಅನ್ನುವ ಕಾಡಿನ ಜಾಗಗಳಿದ್ದವು. ಅಲ್ಲಿ ಕೆಳಗಿನ ಪೊದೆ ಸವರಿ, ಒಂದೋ ಎರಡೋ ದೊಡ್ಡ ಮರ ಉರುಳಿಸುತ್ತಿದ್ದರು. ಮರ ಬಿದ್ದ ಏಟಿಗೆ ಮಣ್ಣು ಕದಡುತ್ತಿತ್ತು, ಮೇಲೆ ಕಿಂಡಿಯಾಗಿ ಬೆಳಕು ಬೀಳುತ್ತಿತ್ತು. ಮಣ್ಣಿನಲ್ಲಿ ಮೊದಲೇ ಬಿದ್ದಿದ್ದ ಬೀಜ ಮಳೆ ಬಂದಾಗ ತಾನಾಗಿ ಮೊಳೆಯುತ್ತಿತ್ತು. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಕೊಡಗು ಪದ್ಧತಿ ಅಂತಲೇ ಹೆಸರಿದೆ. ಈಗ ಯಾರೂ ಹಾಗೆ ಮರ ಉರುಳಿಸಬೇಕಿಲ್ಲ, ಉರುಳಿಸಲೂಬಾರದು. ಆದರೆ ಗಿಡದ ಸ್ವಭಾವ ಅದರಿಂದ ತಿಳಿಯುತ್ತದೆ. ಏಲಕ್ಕಿಗೆ ಪೂರ್ತಿ ಕತ್ತಲೆ ಬೇಡ. ಕಾಡಿನ ನಡುವೆ ಕಿಂಡಿಯಿಂದ ಬೀಳುವ ಬೆಳಕು ಬೇಕು.

ಲೆಕ್ಕಕ್ಕೆ ಹೇಳುವುದಾದರೆ 40ರಿಂದ 60 ಶೇಕಡ ನೆರಳು. ಇದನ್ನು ಅಳೆಯಲು ಯಂತ್ರ ಬೇಡ. ಬಿಸಿಲಿರುವ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಲ್ಲಿ ನಿಂತು ನೆಲ ನೋಡಿ. ನೆಲದ ಸುಮಾರು ಅರ್ಧ ಭಾಗಕ್ಕೆ ಬಿಸಿಲಿನ ಚುಕ್ಕೆ ಬಿದ್ದು, ಗಾಳಿಗೆ ಅವು ಓಡಾಡುತ್ತಿದ್ದರೆ ಸರಿ. ಚುಕ್ಕೆಯೇ ಇಲ್ಲದಿದ್ದರೆ ನೆರಳು ಹೆಚ್ಚಾಯಿತು. ಗಿಡ ಹಸಿರಾಗಿ, ಎತ್ತರವಾಗಿ, ನೋಡಲು ಚೆಂದವಾಗಿ ಬೆಳೆಯುತ್ತದೆ, ಆದರೆ ಕಂದು ಕಡಿಮೆ, ಹೂ ಇನ್ನೂ ಕಡಿಮೆ. ದೊಡ್ಡ ದೊಡ್ಡ ತೇಪೆಯಾಗಿ ಬಿಸಿಲು ಬಿದ್ದು ಒಂದೇ ಕಡೆ ಗಂಟೆಗಟ್ಟಲೆ ನಿಂತರೆ ನೆರಳು ಸಾಲದು. ಫೆಬ್ರವರಿಯಲ್ಲಿ ಎಲೆ ಹಳದಿಯಾಗಿ ಅಂಚು ಸುಟ್ಟ ಹಾಗೆ ಕಾಣುತ್ತದೆ.

ಮರಗಸಿ ಮಾಡಲು, ಅಂದರೆ ನೆರಳಿನ ಮರದ ಕೊಂಬೆ ಸವರಲು, ಮೇ ತಿಂಗಳು ಸರಿಯಾದ ಹೊತ್ತು, ಮಳೆ ಹಿಡಿಯುವ ಮೊದಲು. ಮಳೆಗಾಲದಲ್ಲಿ ಮೋಡ ಕವಿದು ಬೆಳಕು ಹೇಗೂ ಕಡಿಮೆ. ಆಗಲೂ ದಟ್ಟ ಕೊಂಬೆ ಇದ್ದರೆ ಕೆಳಗೆ ತೇವ ಆರುವುದೇ ಇಲ್ಲ, ಕೊಳೆ ರೋಗ ಬರುತ್ತದೆ. ಅಡ್ಡ ಕೊಂಬೆ, ಕೆಳಗಿನ ಕೊಂಬೆ ತೆಗೆದು ಮೇಲೆ ಛತ್ರಿಯ ಹಾಗೆ ಉಳಿಸಿ. ಹಲಸು, ಅತ್ತಿ, ಹಾಲುವಾಣ, ಸಿಲ್ವರ್ ಓಕ್ ಎಲ್ಲ ನಡೆಯುತ್ತವೆ. ತುಂಬ ಅಗಲ ಎಲೆಯ ಮರ ಮಾತ್ರ ಅಷ್ಟು ಒಳ್ಳೆಯದಲ್ಲ, ಅದರಿಂದ ತೊಟ್ಟಿಕ್ಕುವ ದಪ್ಪ ಹನಿ ಎಳೆ ಗಿಡದ ಬುಡದ ಮಣ್ಣನ್ನು ಕೊರೆಯುತ್ತದೆ. ಹೊಸದಾಗಿ ನೆರಳು ಬೇಕಾದವರು ಹಾಲುವಾಣದ ಗೂಟ ನೆಟ್ಟರೆ ಬೇಗ ಆಗುತ್ತದೆ. ಮರವನ್ನೇ ಕಡಿಯಬೇಕು ಅನಿಸಿದರೆ ಅರಣ್ಯ ಇಲಾಖೆಯ ಅನುಮತಿ ಬೇಕಾ ಅಂತ ಮೊದಲು ವಿಚಾರಿಸಿ. ಐವತ್ತು ಬುಡ ಏಲಕ್ಕಿಗೆ ಮರ ಕಡಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕಂದು ಎಲ್ಲಿಂದ ತರುತ್ತೀರಿ?

ನಮ್ಮಲ್ಲಿ ಗಿಡ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನೆಂಟರ ಮನೆಗೆ ಹೋದಾಗ "ಏಲಕ್ಕಿ ಕಂದು ಇದೆಯಾ ಮಾವ?" ಅಂದರೆ ಸಾಕು. "ಅದಕ್ಕೇನು, ಬೇಕಾದಷ್ಟು ಕಿತ್ಕೊಂಡು ಹೋಗು" ಅಂತ ಕತ್ತಿ ಕೈಗೆ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಕಟ್ಟೆ ರೋಗ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ದೂರ ಪ್ರಯಾಣ ಮಾಡುವುದು ಹೆಚ್ಚಾಗಿ ಹೀಗೆಯೇ, ಜೀಪಿನ ಹಿಂದೆ, ಗೋಣಿ ಚೀಲದಲ್ಲಿ.

ಕಟ್ಟೆಗೆ ಕಾರಣ ವೈರಸ್. ಒಮ್ಮೆ ಬುಡಕ್ಕೆ ಬಂತು ಅಂದರೆ ಔಷಧ ಇಲ್ಲ. ರೋಗದ ಗಿಡದಿಂದ ತೆಗೆದ ಪ್ರತಿ ಕಂದಿನಲ್ಲೂ ವೈರಸ್ ಇರಬಹುದು, ಕಂದು ನೋಡಲು ಎಷ್ಟೇ ಗಟ್ಟಿಮುಟ್ಟಾಗಿದ್ದರೂ. ಹಾಗಾಗಿ ಕಂದನ್ನು ನೋಡಬೇಡಿ, ತಾಯಿ ಬುಡವನ್ನು ನೋಡಿ. ಆ ಬುಡದ ಅತಿ ಎಳೆಯ ಎಲೆ ಹಿಡಿದು ಬೆಳಕಿಗೆ ಎತ್ತಿ. ಒಳ್ಳೆಯ ಎಲೆ ಒಂದೇ ಸಮ ಹಸಿರು. ಕಟ್ಟೆ ಇದ್ದರೆ ನಡುನರದಿಂದ ಅಂಚಿನ ಕಡೆಗೆ ತೆಳು ಹಸಿರು ಗೀರುಗಳು, ನರಗಳ ಸಾಲಿನಲ್ಲೇ, ಒಂದರ ಪಕ್ಕ ಒಂದು ಬಿದ್ದಿರುತ್ತವೆ. ಶುರುವಿನಲ್ಲಿ ಅವು ಬರೀ ಸಣ್ಣ ಚುಕ್ಕೆ, ಗೀಟಿನ ಹಾಗಿರುತ್ತವೆ. ಹಳೆ ಎಲೆಯಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ದಂಟಿನ ಸಿಪ್ಪೆಯ ಮೇಲೂ ಮಚ್ಚೆ ಕಾಣಿಸುತ್ತದೆ. ಆ ಬುಡದಲ್ಲಿ ಮಾತ್ರ ಅಲ್ಲ, ಸುತ್ತಲಿನ ಹತ್ತಿಪ್ಪತ್ತು ಬುಡದಲ್ಲೂ ನೋಡಿ. ಒಂದರಲ್ಲಿ ಕಂಡರೂ ಆ ತೋಟದಿಂದ ಕಂದು ಬೇಡ. ಮಾವನಿಗೆ ಬೇಜಾರಾಗುತ್ತದೆ ಅನ್ನುವ ಸಂಕೋಚ ಬಿಡಿ. ಅವರ ತೋಟದಲ್ಲಿ ಕಟ್ಟೆ ಇದೆ ಅಂತ ಅವರಿಗೂ ತಿಳಿದರೆ ಒಳ್ಳೆಯದೇ ಅಲ್ವಾ?

ಇನ್ನೊಂದು ವೈರಸ್ ರೋಗ ಕೊಕ್ಕೆ ಕಂದು. ಕೊಡಗು, ಹಾಸನ, ಚಿಕ್ಕಮಗಳೂರು, ಉತ್ತರ ಕನ್ನಡದ ಕಡೆ ಇದರ ಕಾಟ ಇದೆ. ಎಲೆಯ ನರ ಅಲ್ಲಲ್ಲಿ ತಿಳಿಯಾಗುತ್ತದೆ, ಎಲೆ ಸೀಳುತ್ತದೆ, ಹೊಸ ಎಲೆ ಹಳೆಯದರಲ್ಲಿ ಸಿಕ್ಕಿಕೊಂಡು ಕಂದಿನ ತುದಿ ಕೊಕ್ಕೆಯ ಹಾಗೆ ಬಾಗುತ್ತದೆ. ಇದು ಬಂದ ಬುಡ ಒಂದೆರಡು ವರ್ಷದಲ್ಲಿ ಕುಗ್ಗಿ ಹೋಗುತ್ತದೆ.

ಎಲ್ಲಕ್ಕಿಂತ ನೆಮ್ಮದಿಯ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಅಲ್ಲಿಂದ ಹೊರಬಂದ ತಳಿಗಳಲ್ಲಿ ಸುವಾಸಿನಿ ಇಳುವರಿಗೆ ಹೆಸರಾದದ್ದು, ಅವಿನಾಶ್ ಗಡ್ಡೆ ಕೊಳೆ ತಡೆದುಕೊಳ್ಳುತ್ತದೆ, ವಿಜೇತ ಮತ್ತು ಅಪ್ಪಂಗಳ-2 ಕಟ್ಟೆ ತಡೆದುಕೊಳ್ಳುತ್ತವೆ. ಮೂಡಿಗೆರೆಯ ತಳಿಗಳೂ ಇವೆ. ಮಳೆ ಶುರುವಾದ ಮೇಲೆ ಹೋಗಿ ಕೇಳಿದರೆ ಸಿಗುವುದು ಕಷ್ಟ, ಕೆಲವು ತಿಂಗಳು ಮೊದಲೇ ವಿಚಾರಿಸಿ ಹೇಳಿಡಿ. ಕಟ್ಟೆ ಸುತ್ತಮುತ್ತ ಜಾಸ್ತಿ ಇರುವವರು ವಿಜೇತದ ಕಡೆ ನೋಡಿ, ತೇವ ಜಾಸ್ತಿ ಇರುವ ಜಾಗದವರು ಅವಿನಾಶ್ ಕಡೆ.

ಏಲಕ್ಕಿಯಲ್ಲಿ ಮಲಬಾರ್, ಮೈಸೂರು, ವಳುಕ್ಕ ಅಂತ ಮೂರು ಬಗೆ. ಮಲಬಾರಿನ ಹೂಗೊಂಚಲು ನೆಲದ ಮೇಲೆ ಮಲಗುತ್ತದೆ, ಮೈಸೂರಿನದ್ದು ನೆಟ್ಟಗೆ ನಿಲ್ಲುತ್ತದೆ, ವಳುಕ್ಕದ್ದು ಎರಡರ ನಡುವೆ. ಕೊಡಗಿಗೆ ಮಲಬಾರ್ ಬಗೆಯೇ ಸರಿ, ನಮ್ಮ ಉದ್ದನೆಯ ಒಣ ಬೇಸಿಗೆಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಕೇರಳದ ಇಡುಕ್ಕಿಯಲ್ಲಿ ಞಳ್ಳಾನಿ ತಳಿ ಹಾಕಿ ಗೆದ್ದವರ ವಿಡಿಯೋ ನೋಡಿ ಅದನ್ನೇ ತರಲು ಹೊರಡುವವರಿದ್ದಾರೆ. ಅಲ್ಲಿನ ಮಳೆಯ ಕ್ರಮ ಬೇರೆ, ನೀರಿನ ಅನುಕೂಲ ಬೇರೆ. ಹನಿ ನೀರಾವರಿ, ಗೊಬ್ಬರ, ಔಷಧ ಎಲ್ಲ ಅಷ್ಟೇ ಗಟ್ಟಿಯಾಗಿ ಮಾಡುವುದಾದರೆ ಮಾತ್ರ ಅದರ ಆಸೆ ಇಟ್ಟುಕೊಳ್ಳಿ.

ಬೀಜದಿಂದ ಮಾಡುವುದಾದರೆ

ಕಟ್ಟೆ ವೈರಸ್ ಬೀಜದ ಮೂಲಕ ಬರುವುದಿಲ್ಲ, ಅದೊಂದು ದೊಡ್ಡ ಅನುಕೂಲ. ಆದರೆ ಬೀಜದ ಗಿಡಗಳೆಲ್ಲ ತಾಯಿಯ ಹಾಗೇ ಇರುವುದಿಲ್ಲ, ಫಸಲೂ ಕಂದಿಗಿಂತ ಒಂದು ವರ್ಷ ತಡ. ಅಂಗಡಿಯ ಏಲಕ್ಕಿ ಬಿಡಿಸಿ ಹಾಕಿದರೆ ಮೊಳೆಯುವುದಿಲ್ಲ, ಬಿಸಿಯಲ್ಲಿ ಒಣಗಿಸಿದ ಬೀಜ ಅದು. ಗಿಡದಲ್ಲೇ ಪೂರ್ತಿ ಹಣ್ಣಾದ ಕಾಯಿ ತನ್ನಿ. ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ಹೋಗುವವರೆಗೆ ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಒಲೆಯ ಬೂದಿ ಬೆರೆಸಿ ನೆರಳಿನಲ್ಲಿ ಎರಡು ಮೂರು ದಿನ ಆರಲಿ. ಇಟ್ಟಷ್ಟೂ ಮೊಳಕೆ ಕಡಿಮೆಯಾಗುತ್ತದೆ, ಆದ್ದರಿಂದ ಬೇಗ ಬಿತ್ತಿ.

ನವೆಂಬರ್‌ನಿಂದ ಜನವರಿಯೊಳಗೆ ಬಿತ್ತುವುದು ನಮ್ಮ ಕಡೆಯ ಪದ್ಧತಿ. ಒಂದು ಮೀಟರ್ ಅಗಲದ ಏರುಮಡಿ, ಸಾಲಿನಲ್ಲಿ ಬೀಜ, ಮೇಲೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಬೇಡ. ಒಂದು ಚದರ ಮೀಟರಿಗೆ ಎರಡು ಎರಡೂವರೆ ಗ್ರಾಂ ಬೀಜ ಸಾಕು. ಮೇಲೆ ಭತ್ತದ ಹುಲ್ಲು ಹೊದಿಸಿ, ಪೂವಾಳಿಯಲ್ಲಿ (ರೋಸ್ ಕ್ಯಾನ್) ನೀರು ಹಾಕಿ, ಚಪ್ಪರ ಕಟ್ಟಿ. ತಿಂಗಳಿನಿಂದ ನಲವತ್ತು ದಿನದೊಳಗೆ ಮೊಳಕೆ ಬರುತ್ತದೆ, ಆಗ ಹುಲ್ಲು ತೆಗೆಯಿರಿ. ಮೂರ್ನಾಲ್ಕು ಎಲೆ ಬಂದಾಗ ಪಾಲಿಥೀನ್ ಚೀಲಕ್ಕೆ ಎತ್ತಿ ಹಾಕಿ. ಸುಮಾರು ಹತ್ತು ತಿಂಗಳಾದ ಮೇಲೆ ಬರುವ ಮಳೆಗಾಲಕ್ಕೆ ಸಸಿ ನಾಟಿಗೆ ಬರುತ್ತದೆ. ಈ ಸಸಿಮಡಿಯನ್ನು ಹಳೆ ಏಲಕ್ಕಿ ತೋಟದ ಪಕ್ಕ ಮಾತ್ರ ಮಾಡಬೇಡಿ. ಬೀಜದಲ್ಲಿ ಬರದ ಕಟ್ಟೆ ಸಸ್ಯಹೇನಿನ ಜೊತೆ ಬರುತ್ತದೆ.

ಗುಂಡಿ, ನಾಟಿ

ಹೂಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಏಪ್ರಿಲ್ ಅಥವಾ ಮೇಯಲ್ಲಿ ಗುಂಡಿ ತೆಗೆಸಿ. ಎರಡಡಿ ಉದ್ದ, ಎರಡಡಿ ಅಗಲ, ಒಂದೂಕಾಲು ಅಡಿ ಆಳ. ಗುಂಡಿಯಿಂದ ಗುಂಡಿಗೆ ಆರಡಿ. ಈ ಲೆಕ್ಕದಲ್ಲಿ ಎಕರೆಗೆ ಸುಮಾರು 1200 ಬುಡ ಹಿಡಿಯುತ್ತದೆ. ಇಳಿಜಾರಿನಲ್ಲಿ ಸಾಲು ಮೇಲಿಂದ ಕೆಳಕ್ಕೆ ಹೋಗಬಾರದು, ಬರೆಗೆ ಅಡ್ಡವಾಗಿ ಹೋಗಬೇಕು. ಬರೆ ಕುಸಿತ ಅಂದರೆ ಏನು ಅಂತ 2018ರ ಆಗಸ್ಟ್ ನಮಗೆಲ್ಲ ತೋರಿಸಿದೆ. ತೀರಾ ಕಡಿದಾದ ಬರೆಯಲ್ಲಿ ಮಣ್ಣು ಕೆದಕುವ ಕೆಲಸವೇ ಬೇಡ.

ಗುಂಡಿಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಬೆರೆಸಿ ತುಂಬಿ. ಅಡಿಮಣ್ಣನ್ನು ಮತ್ತೆ ಒಳಗೆ ಹಾಕಬೇಡಿ. ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಸಿಕ್ಕರೆ ಬೇವಿನ ಹಿಂಡಿಯ ಜೊತೆ ಬೆರೆಸಿ ಹಾಕುವುದು ಒಳ್ಳೆಯದು, ಗಡ್ಡೆ ಕೊಳೆಗೆ ಅದು ಮುಂಚಿನ ಕಾವಲು.

ನಾಟಿಗೆ ಜೂನ್, ಜುಲೈ. ಮೃಗಶಿರಾ ಮಳೆ ಹಿಡಿದು ನೆಲ ನೆನೆದ ಮೇಲೆ, ಜಡಿಮಳೆ ಇಲ್ಲದ ಮೋಡದ ದಿನ ನೋಡಿ ನೆಡಿ. ಕಂದು ಅಂದರೆ ಒಂದು ಬಲಿತ ದಂಟು, ಅದರ ಬುಡದಲ್ಲಿ ಒಂದೋ ಎರಡೋ ಎಳೆ ಮೊಳಕೆ, ಸ್ವಲ್ಪ ಗಡ್ಡೆ, ಬೇರು. ಎಳೆ ಮೊಳಕೆ ಇಲ್ಲದ ಬರೀ ದಂಟು ನೆಟ್ಟು ಪ್ರಯೋಜನ ಇಲ್ಲ.

ನೆಡುವಾಗ ಎಲ್ಲರೂ ಎಡವುವುದು ಆಳದಲ್ಲಿ. ಗಾಳಿಗೆ ಬೀಳದಿರಲಿ ಅಂತ ಆಳಕ್ಕೆ ಹೂತುಬಿಡುತ್ತಾರೆ. ಹಾಗೆ ಮಾಡಿದರೆ ಹೊಸ ಮೊಳಕೆ ಮೇಲೆ ಬರಲಾರದೆ ಒಳಗೇ ಕೊಳೆಯುತ್ತದೆ. ತುಂಬಿದ ಗುಂಡಿಯ ನಡುವೆ ಕೈಯಿಂದ ಸಣ್ಣ ಕುಳಿ ಮಾಡಿ, ಗಡ್ಡೆಯನ್ನು ಅಡ್ಡಕ್ಕೆ ಮಲಗಿಸಿ. ದಂಟು ಮತ್ತು ಗಡ್ಡೆ ಸೇರುವ ಜಾಗದವರೆಗೆ ಮಾತ್ರ ಮಣ್ಣು. ಎಳೆ ಮೊಳಕೆಯ ತುದಿ ಹೊರಗೆ ಕಾಣುತ್ತಿರಬೇಕು. ಸುತ್ತ ಅಂಗೈಯಲ್ಲಿ ಒತ್ತಿ, ಕಾಲಿನಲ್ಲಿ ತುಳಿಯಬೇಡಿ. ಗಾಳಿಗೆ ಬೀಳುತ್ತದೆ ಅಂತ ಹೆದರಿಕೆಯಾದರೆ ಅದಕ್ಕೆ ಗೂಟ ಇದೆ. ದಂಟಿನ ಪಕ್ಕ ಒಂದು ಕೋಲು ಓರೆಯಾಗಿ ಚುಚ್ಚಿ, ಬಾಳೆ ನಾರಿನಲ್ಲಿ ಕಟ್ಟಿ. ಗುಂಡಿಯ ಮಣ್ಣು ಸುತ್ತಲಿನ ನೆಲಕ್ಕಿಂತ ಸ್ವಲ್ಪ ಉಬ್ಬಿರಲಿ, ಮಳೆಗೆ ಅದು ಇಳಿದು ಸಮ ಆಗುತ್ತದೆ. ಕೊನೆಗೆ ದರಗು ಹೊದಿಸಿ.

ಕಕ್ಕಡದ (ಜುಲೈ, ಆಗಸ್ಟ್) ಮಳೆಯಲ್ಲಿ ಒಮ್ಮೆ ಸುತ್ತು ಹಾಕಿ ಬನ್ನಿ. ಬೇರು ಹೊರಬಂದ ಬುಡಕ್ಕೆ ಹಿಡಿ ಮಣ್ಣು, ನೀರು ನಿಂತಲ್ಲಿ ಗುದ್ದಲಿಯಿಂದ ಒಂದು ದಾರಿ. ಸತ್ತ ಕಂದಿನ ಜಾಗಕ್ಕೆ ಮಳೆ ಇರುವಾಗಲೇ ಇನ್ನೊಂದು ಹಾಕಿ.

ವರ್ಷದ ಕೆಲಸ

ಏಲಕ್ಕಿಗೆ ದಿನಾ ಕೆಲಸ ಇಲ್ಲ, ಆದರೆ ಮಾಡಬೇಕಾದದ್ದನ್ನು ಆಯಾ ತಿಂಗಳಲ್ಲೇ ಮಾಡಬೇಕು. ಮಳೆ ಮುಗಿದು ಪುತ್ತರಿ ಹಬ್ಬದ ಹೊತ್ತಿಗೆ ತೋಟದಲ್ಲಿ ದರಗು ಬೀಳಲು ಶುರುವಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಬುಡದ ಸುತ್ತ ದರಗು ದಪ್ಪಕ್ಕೆ ಹೊದಿಸಿ. ಬೇಸಿಗೆ ದಾಟಿಸುವುದರಲ್ಲಿ ಅರ್ಧ ಕೆಲಸ ಈ ಹೊದಿಕೆಯದ್ದೇ. ಮಳೆಗೆ ಮಣ್ಣು ಕೊಚ್ಚಿ ಗಡ್ಡೆ ಹೊರಗೆ ಕಾಣುತ್ತಿದ್ದರೆ ಹೊದಿಸುವ ಮೊದಲು ಸಾಲಿನ ನಡುವಿನ ಮೇಲ್ಮಣ್ಣು ಕೆರೆದು ಬುಡಕ್ಕೆ ತೆಳುವಾಗಿ ಏರಿಸಿ. ಬುಡದ ಹತ್ತಿರ ಗುದ್ದಲಿ ಹಾಕಬೇಡಿ, ಬೇರು ಮೇಲೆಯೇ ಇರುತ್ತದೆ. ಕಳೆಯನ್ನು ಬುಡದ ಸುತ್ತ ಎರಡೂವರೆ ಅಡಿಯಲ್ಲಿ ಕೈಯಿಂದ ಕೀಳಿಸಿ, ಉಳಿದಲ್ಲಿ ಕತ್ತಿಯಿಂದ ಸವರಿದರೆ ಸಾಕು.

ಜನವರಿಯಿಂದ ಬುಡದಲ್ಲಿ ಹೂಗೊಂಚಲು ಇಣುಕುತ್ತದೆ. ಫೆಬ್ರವರಿಯಿಂದ ಮಳೆ ಬರುವವರೆಗೆ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಕೊಡಲು ಸಾಧ್ಯವಾದರೆ ಫಸಲಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಾಫಿಗೆ ಸ್ಪ್ರಿಂಕ್ಲರ್ ಹಾಕುವವರು ಪೈಪನ್ನು ಈ ಮೂಲೆಗೂ ಎಳೆಯಿರಿ.

ಮೇ ತಿಂಗಳಲ್ಲಿ ಕೆಲಸ ಜಾಸ್ತಿ. ಒಣಗಿದ ಎಲೆ, ಕಾಯಿ ಬಿಟ್ಟು ಮುಗಿದ ಹಳೆ ದಂಟು ಕತ್ತರಿಸಿ ತೆಗೆಯಿರಿ. ಒಣ ಸಿಪ್ಪೆಯ ಒಳಗೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ ಮತ್ತು ಹೇನು ಅಡಗಿರುತ್ತವೆ, ಸ್ವಚ್ಛ ಮಾಡಿದರೆ ಅವುಗಳ ಮನೆಯೇ ಹೋಗುತ್ತದೆ. ಬುಡದ ಮೇಲಿನ ದರಗನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಮಲಗಿದ ಹೂಗೊಂಚಲು ಬಿಡಿಸಿ ಇಡಿ. ಇದನ್ನು ಮರೆಯಬೇಡಿ. ದರಗಿನ ಅಡಿಯಲ್ಲಿ ಅರಳಿದ ಹೂವಿಗೆ ಜೇನು ಬರುವುದಿಲ್ಲ, ಜೇನು ಬರದಿದ್ದರೆ ಕಾಯಿ ಇಲ್ಲ. ಏಲಕ್ಕಿ ಹೂ ಬೆಳಗಿನ ಜಾವ ಅರಳುತ್ತದೆ. ಬಿಳಿ ಎಸಳು, ನಡುವಿನ ನಾಲಿಗೆಯ ಮೇಲೆ ನೇರಳೆ ಗೀರು. ಒಂದೇ ದಿನದ ಆಯುಸ್ಸು. ಅಷ್ಟರೊಳಗೆ ತುಡುವೆಯೋ ಹೆಜ್ಜೇನೋ ಬಂದು ಹೋಗಬೇಕು. ಮನೆಯಲ್ಲಿ ಜೇನು ಪೆಟ್ಟಿಗೆ ಇದ್ದರೆ ಏಪ್ರಿಲ್‌ನಿಂದ ಇದರ ಹತ್ತಿರ ಇಡಿ. ಹೆಕ್ಟೇರಿಗೆ ನಾಲ್ಕು ಪೆಟ್ಟಿಗೆ ಅನ್ನುವುದು ಶಿಫಾರಸು, ನಿಮ್ಮ ಐವತ್ತು ಬುಡಕ್ಕೆ ಒಂದೇ ಧಾರಾಳ. ಹೂ ಇರುವ ತಿಂಗಳಲ್ಲಿ ಕೀಟನಾಶಕ ಹೊಡೆಯುವವರು ಜೇನನ್ನೂ ಕೊಂದು, ಆಮೇಲೆ ಕಾಯಿ ಕಟ್ಟಲಿಲ್ಲ ಅನ್ನುತ್ತಾರೆ.

ಗೊಬ್ಬರಕ್ಕೂ ಇದೇ ಹೊತ್ತು. ಬುಡಕ್ಕೆ ಐದು ಕಿಲೋ ಕೊಟ್ಟಿಗೆ ಗೊಬ್ಬರ, ಅರ್ಧದಿಂದ ಒಂದು ಕಿಲೋ ಬೇವಿನ ಹಿಂಡಿ. ರಾಸಾಯನಿಕ ಗೊಬ್ಬರ ಹಾಕುವವರಿಗೆ ಮಳೆ ಆಶ್ರಿತ ತೋಟದಲ್ಲಿ ಹೆಕ್ಟೇರಿಗೆ ಸಾರಜನಕ 75, ರಂಜಕ 75, ಪೊಟ್ಯಾಷ್ 150 ಕಿಲೋ ಅನ್ನುವ ಲೆಕ್ಕ ಇದೆ. ಫಸಲು ಬಿಡುವ ಬುಡಕ್ಕೆ ವರ್ಷಕ್ಕೆ ಸುಮಾರು 25, 25, 50 ಗ್ರಾಂ ಬಂತು. ಅರ್ಧ ಮಳೆಗೆ ಮೊದಲು, ಅರ್ಧ ಮಳೆ ಕಡಿಮೆಯಾದ ಮೇಲೆ. ಮೊದಲ ವರ್ಷ ಇದರ ಮೂರನೇ ಒಂದು, ಎರಡನೇ ವರ್ಷ ಅರ್ಧ. ಕಾಫಿ ತೋಟದಲ್ಲಿ ಉಳಿದ ಗೊಬ್ಬರ ಎಸೆದು ಬರುವುದು ಗೊಬ್ಬರ ಹಾಕಿದ ಲೆಕ್ಕ ಅಲ್ಲ. ಏಲಕ್ಕಿಗೆ ಪೊಟ್ಯಾಷ್ ಜಾಸ್ತಿ ಬೇಕು.

ತೊಂದರೆ ಬಂದಾಗ

ಕಟ್ಟೆ ಕಂಡರೆ ಒಂದೇ ಕೆಲಸ, ಬುಡ ಸಮೇತ ಕಿತ್ತು ಸುಡುವುದು ಅಥವಾ ದೂರ ಒಯ್ದು ಹೂಳುವುದು. ಕಾಯಿ ಇದೆಯಲ್ಲ, ಈ ವರ್ಷ ಇರಲಿ ಅಂತ ಬಿಟ್ಟರೆ ಅದರ ಸಿಪ್ಪೆಯೊಳಗಿನ ಸಸ್ಯಹೇನು ಪಕ್ಕದ ಬುಡಗಳಿಗೆ ಹಂಚುತ್ತದೆ. ಈ ಹೇನು ಕೆಸುವಿನಲ್ಲೂ ಬದುಕುತ್ತದೆ, ಆದ್ದರಿಂದ ಏಲಕ್ಕಿ ಹತ್ತಿರ ಕಾಡುಕೆಸು ಬೆಳೆಯಲು ಬಿಡಬೇಡಿ. ಪತ್ರೊಡೆಗೆ ಬೇಕಾದ ಕೆಸು ಮನೆಯ ಇನ್ನೊಂದು ಬದಿಯಲ್ಲಿರಲಿ. ಮಳೆಗಾಲದಲ್ಲಿ ಹೇನು ಕಡಿಮೆ, ನವೆಂಬರ್ ನಂತರ ಏರುತ್ತದೆ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಎಳೆ ಎಲೆ ನೋಡುತ್ತಾ ಒಂದು ಸುತ್ತು ಬರುವುದು ಯಾವ ಔಷಧಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಕಾಯಿಯ ಮೇಲೆ ಕಜ್ಜಿಯ ಹಾಗೆ ಒರಟು ಕಲೆ ಇದ್ದರೆ ಅದು ಥ್ರಿಪ್ಸ್. ಒಳಗಿನ ಬೀಜಕ್ಕಿಂತ ಕಾಯಿಯ ಅಂದ ಕೆಡುತ್ತದೆ, ಬೆಲೆ ಬೀಳುತ್ತದೆ. ಮನೆ ಬಳಕೆಗಾದರೆ ತಲೆ ಕೆಡಿಸಿಕೊಳ್ಳಬೇಡಿ. ದಂಟಿನಲ್ಲಿ ತೂತು, ತೂತಿನಿಂದ ಹಿಕ್ಕೆ ಹೊರಬಂದು, ನಡುವಿನ ಸುಳಿ ಒಣಗಿದ್ದರೆ ಕಾಂಡಕೊರಕ. ಶುಂಠಿ, ಅರಿಶಿನವನ್ನೂ ಇದೇ ಹುಳ ಕೊರೆಯುತ್ತದೆ. ಆ ದಂಟನ್ನು ಬುಡದಲ್ಲಿ ಕತ್ತರಿಸಿ, ಸೀಳಿ, ಹುಳ ಕೊಲ್ಲಿ. ನೀರು, ಗೊಬ್ಬರ ಎಲ್ಲ ಇದ್ದೂ ಬುಡ ಹಳದಿಯಾಗುತ್ತಿದ್ದರೆ ಮಣ್ಣು ಸರಿಸಿ ಬೇರು ನೋಡಿ, ಬಿಳಿ ಬೇರುಹುಳ ಇರಬಹುದು. ಇದರ ತಾಯಿ ಹೊಳೆಯುವ ನೀಲಿ ಹಸಿರು ಬಣ್ಣದ ಸಣ್ಣ ದುಂಬಿ. ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹೊರಬರುತ್ತದೆ. ಆಗಲೇ ಬಲೆಯಲ್ಲಿ ಹಿಡಿದು ಕೊಂದರೆ ಮೊಟ್ಟೆ ಇಡುವುದು ತಪ್ಪುತ್ತದೆ.

ಮಳೆಗಾಲದ ಕೊಳೆಗೆ ಮೊದಲ ಮದ್ದು ಚರಂಡಿ ಮತ್ತು ಮರಗಸಿ. ಅದಾದ ಮೇಲೆ ಶೇಕಡ ಒಂದರ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, ನಡುವೆ ಹೊಳವಾದಾಗ ಇನ್ನೊಮ್ಮೆ. ಕಾಳುಮೆಣಸಿಗೆ ಮಾಡುವಾಗಲೇ ಇದಕ್ಕೂ ಮಾಡಿಕೊಳ್ಳಬಹುದು. ಇಲಿ, ಅಳಿಲು ಹಣ್ಣಾದ ಕಾಯಿ ಬಿಡುವುದಿಲ್ಲ. ಅದಕ್ಕೆ ಬೇಗ ಕೊಯ್ಯುವುದೇ ಉಪಾಯ.

ಕೊಯ್ಲು ಮತ್ತು ಒಣಗಿಸುವುದು

ಕಂದು ನೆಟ್ಟ ಮೂರನೇ ವರ್ಷ ಫಸಲು. ಹೂವಾಗಿ ಸುಮಾರು ನಾಲ್ಕು ತಿಂಗಳಿಗೆ ಕಾಯಿ ಬಲಿಯುತ್ತದೆ. ಒಂದೇ ಗೊಂಚಲಿನಲ್ಲಿ ಹೂ, ಎಳೆ ಕಾಯಿ, ಬಲಿತ ಕಾಯಿ ಮೂರೂ ಇರುವುದರಿಂದ ಒಂದೇ ಸಲ ಕೊಯ್ಯಲು ಆಗುವುದಿಲ್ಲ. ಕೈಲ್‌ಪೊಳ್ದ್ ಹಬ್ಬದ (ಸೆಪ್ಟೆಂಬರ್ ಮೊದಲ ವಾರ) ಆಚೀಚೆ ಶುರುವಾದರೆ ಜನವರಿ ಫೆಬ್ರವರಿವರೆಗೆ ತಿಂಗಳಿಗೊಮ್ಮೆ ಆಗುತ್ತಾ ಇರುತ್ತದೆ.

ಹಣ್ಣಾಗಿ ಹಳದಿ ತಿರುಗುವವರೆಗೆ ಕಾಯಬಾರದು. ಒಣಗಿಸುವಾಗ ಬಿರಿಯುತ್ತದೆ, ಹಸಿರು ನಿಲ್ಲುವುದಿಲ್ಲ. ತೀರಾ ಎಳೆಯದಾದರೆ ಸುಕ್ಕಾಗಿ ತೂಕವೇ ಇಲ್ಲ. ಗೊಂಚಲಿನ ಬುಡದ ಕಡೆಯ ಒಂದು ಕಾಯಿ ತೆಗೆದು ಉಗುರಿನಲ್ಲಿ ಸೀಳಿ. ಬೀಜ ಬಿಳಿಯಾಗಿದ್ದರೆ ಬಿಡಿ. ಕಂದುಗಪ್ಪಾಗಿ, ಬಾಯಿಗೆ ಹಾಕಿದರೆ ಖಾರವಾಗಿ ತಂಪಾಗಿ ಹತ್ತಿದರೆ, ಸಿಪ್ಪೆ ಇನ್ನೂ ಹಸಿರಿದ್ದರೆ, ಅದೇ ಹದ. ನಾಲ್ಕಾರು ಕಾಯಿ ಹೀಗೆ ಸೀಳಿದ ಮೇಲೆ ಕೈಗೇ ಗೊತ್ತಾಗುತ್ತದೆ. ಕಾಯಿಯನ್ನು ತೊಟ್ಟಿನ ಹತ್ತಿರ ಮುರಿದು ಬಿಡಿಸಿ, ಗೊಂಚಲು ಎಳೆಯಬೇಡಿ. ಅದರಲ್ಲಿ ಇನ್ನೂ ಹೂ ಬರುವುದಿದೆ.

ಕೊಯ್ದ ದಿನವೇ ತೊಳೆದು ಒಣಗಿಸಲು ಹಾಕಬೇಕು. ಹಸಿ ಕಾಯಿಯಲ್ಲಿ 80 ಶೇಕಡದಷ್ಟು ನೀರಿರುತ್ತದೆ, ಅದು ಹತ್ತು ಹನ್ನೆರಡಕ್ಕೆ ಇಳಿಯಬೇಕು. ನಾಲ್ಕೈದು ಕಿಲೋ ಹಸಿ ಕಾಯಿಗೆ ಒಂದು ಕಿಲೋ ಒಣ ಏಲಕ್ಕಿ ಸಿಗುತ್ತದೆ. ಹಸಿರು ಬಣ್ಣ ಉಳಿಯಬೇಕಾದರೆ ಲೀಟರಿಗೆ 20 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಸಿದು ಹಾಕಿ. ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ.

ಕಣದಲ್ಲಿ ಬಿಸಿಲಿಗೆ ಹಾಕಿದರೂ ಒಣಗುತ್ತದೆ. ಐದಾರು ದಿನ ಬೇಕು, ಬಣ್ಣ ಬಿಳಚಿಕೊಳ್ಳುತ್ತದೆ, ಕೊಡಗಿನ ಸೆಪ್ಟೆಂಬರ್‌ನಲ್ಲಿ ಐದು ದಿನ ಬಿಸಿಲನ್ನು ನಂಬುವವರು ಯಾರು? ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ವಾಸನೆ ಹಿಡಿಯುತ್ತದೆ. ಪಾಯಸಕ್ಕೆ ಹಾಕಿದಾಗ ಗೊತ್ತಾಗುತ್ತದೆ. ಸಣ್ಣ ಎಲೆಕ್ಟ್ರಿಕ್ ಡ್ರೈಯರ್ ಇದ್ದರೆ 45ರಿಂದ 55 ಡಿಗ್ರಿಯಲ್ಲಿ ಒಂದು ದಿನ, ಒಂದೂವರೆ ದಿನದಲ್ಲಿ ಆಗುತ್ತದೆ. ಕಾಯಿ ಒಂದೇ ಪದರದಲ್ಲಿರಲಿ, ಮೊದಲ ಕೆಲವು ಗಂಟೆ ಹಬೆ ಹೊರಹೋಗಲು ದಾರಿ ಇರಲಿ. ಬೇಗ ಆಗಲಿ ಅಂತ ಬಿಸಿ ಏರಿಸಿದರೆ ಸಿಪ್ಪೆ ಕಂದಾಗುತ್ತದೆ, ಎಣ್ಣೆಯ ಅಂಶ ಹಾರಿಹೋಗುತ್ತದೆ, ಉಳಿಯುವುದು ಬರೀ ಸಿಪ್ಪೆ ಬೀಜ. ಅಕ್ಕಪಕ್ಕದಲ್ಲಿ ನಾಲ್ಕು ಮನೆಯವರು ಬೆಳೆಯುವುದಾದರೆ ಎಲ್ಲರೂ ಸೇರಿ ಒಂದು ಡ್ರೈಯರ್ ತರುವುದು ಲಾಭ.

ಒಣಗಿತಾ ಅಂತ ನೋಡಲು ಕಾಯಿ ಬಿಸಿ ಇರುವಾಗಲೇ ನಾರಿನ ಚಾಪೆಯ ಮೇಲೆ ಹಾಕಿ ಅಂಗೈಯಿಂದ ಉಜ್ಜಿ. ತೊಟ್ಟು, ತುದಿಯ ಒಣ ಹೂ ಉದುರಿ ಬಂದರೆ ಆಯಿತು. ಮೊರದಲ್ಲಿ ಕೇರಿ, ಬಿರಿದದ್ದು, ಕಪ್ಪಾದದ್ದು ಬೇರೆ ಮಾಡಿ. ಅವು ಮನೆಯ ಚಹಾಕ್ಕೆ. ಒಳ್ಳೆಯದನ್ನು ಪೂರ್ತಿ ತಣಿದ ಮೇಲೆ ಕಪ್ಪು ಪಾಲಿಥೀನ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಗೋಣಿಯೊಳಗೆ ಇಡಿ. ಬೆಳಕು ಬಿದ್ದರೆ ಹಸಿರು ಮಾಸುತ್ತದೆ. ನೆಲದ ಮೇಲೆ ಇಡದೆ ಹಲಗೆಯ ಮೇಲಿಡಿ, ಗೊಬ್ಬರ, ಔಷಧ, ಸೀಮೆಎಣ್ಣೆ ಇರುವ ಕೋಣೆಯಲ್ಲಂತೂ ಬೇಡವೇ ಬೇಡ. ಮಾರುವುದಿದ್ದರೆ ಮುಂದಿನ ಜೂನ್‌ವರೆಗೆ ಇಟ್ಟುಕೊಳ್ಳಬೇಡಿ. ನಮ್ಮ ಮಳೆಗಾಲದ ತೇವ ಎಂಥ ಗಂಟಿನೊಳಗೂ ನುಗ್ಗುತ್ತದೆ.